ಅವರು ಡಿಜೆ ಮೇಲೆ ಹಾಡು ಕಟ್ಟಿದರು, ನಾವು ಕಾರ್ಡು ಬರೆದೆವು

ರೇಡಿಯೋ ಬಗ್ಗೆ ಇರುವ ಹಾಡುಗಳನ್ನು ಕೂಡಿಡುವ ಚಟ ನನಗಿದೆ. ರೇಡಿಯೋದಲ್ಲಿ ಬಂದ ಹಾಡುಗಳಲ್ಲ. ರೇಡಿಯೋನೇ ವಿಷಯವಾಗಿರುವ ಹಾಡುಗಳು, ಹಾಡು ಹಾಕುವ ಮನುಷ್ಯನ, ಅಂದರೆ ಡಿಜೆಯ, ಮೇಲೆ ಕಟ್ಟಿದ ಹಾಡುಗಳು. ಬೆಳಗಾವಿಯಿಂದ ಬನಹಟ್ಟಿಗೆ ಹೋಗುವಾಗಲೆಲ್ಲ ಕಾರಿನಲ್ಲಿ ಇವೇ. ಗೋಕಾಕ ದಾಟುವಷ್ಟರಲ್ಲಿ ಜೊತೆಗಿದ್ದವರಿಗೆ ಸಾಕುಸಾಕಾಗಿರುತ್ತದೆ. ಕಳೆದ ಸಲ ಅಕ್ಕನ ಮಗ ಬಂದಿದ್ದ. ಬಹಳ ಹೊತ್ತು ಸುಮ್ಮನೆ ಕೇಳಿದವನು ಒಮ್ಮೆಲೇ, ‘ಮಾಮಾ, ಎಲ್ಲಾ ಇಂಗ್ಲಿಷ್ ಹಾಡೇ ಅದಾವಲ್ಲ. ಕನ್ನಡದಾಗ ರೇಡಿಯೋ ಮ್ಯಾಲೆ ಒಂದೂ ಹಾಡಿಲ್ಲೇನು?’ ಅಂದ. ನಾನು ಬಾಯಿ ತೆರೆದೆ, ಹಾಗೇ ಮುಚ್ಚಿದೆ.

ಅಂದಿನಿಂದ ಈ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ರೇಡಿಯೋವನ್ನು ನಮ್ಮ ಕಡೆಯವರಷ್ಟು ಹಚ್ಚಿಕೊಂಡವರು ಕಡಿಮೆ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಅಲ್ಲಿಂದ ಮುಂದೆ ಎಷ್ಟೋ ವರ್ಷ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳ್ಳಿಗಳಲ್ಲಿ ಜನ ಎದ್ದದ್ದು, ಹೊಲಕ್ಕೆ ಹೋದದ್ದು, ಉಂಡು ಮಲಗಿದ್ದು ಎಲ್ಲಾ ಅದರ ಟೈಮಿಗೆ. ‘ಪ್ರದೇಶ ಸಮಾಚಾರ ಮುಗೀತು, ಇನ್ನೂ ಹಾಸಗಿ ಬಿಟ್ಟಿಲ್ಲಲ್ಲೋ’ ಅಂತ ಬೈಸಿಕೊಳ್ಳದ ಹುಡುಗರು ನಮ್ಮ ಓಣಿಯಲ್ಲಿ ಇರಲಿಲ್ಲ. ಅಷ್ಟಾದರೂ ಹಾಡು? ನಮ್ಮ ಸಿನಿಮಾದವರು ಬಸ್ಸಿನ ಮೇಲೆ, ರೈಲಿನ ಮೇಲೆ, ಸೈಕಲ್ ಮೇಲೆ ಹಾಡು ಬರೆದರು. ಮಳೆ ಮೇಲೆ ಬರೆದದ್ದಕ್ಕಂತೂ ಲೆಕ್ಕವೇ ಇಲ್ಲ. ರೇಡಿಯೋ ಹಾಡು ಅಂದರೆ ಮಾತ್ರ ಕೇಳಿದವರೆಲ್ಲ ತಡವರಿಸುತ್ತಾರೆ. ಬಹಳ ಯೋಚನೆ ಮಾಡಿದವರು 2008ರ ‘ಮುಸ್ಸಂಜೆ ಮಾತು’ ಅನ್ನುತ್ತಾರೆ. ಅದರಲ್ಲಿ ಸುದೀಪ್ ಆರ್‌ಜೆ, ಸರಿ. ಆದರೆ ಹುಡುಗ ಕೇಳಿದ್ದು ಹಾಡು, ಸಿನಿಮಾ ಅಲ್ಲ.

ಗಲ್ಲಿಗೇರಿದ ಡಿಜೆ, ಜೀವ ಉಳಿಸಿದ ಡಿಜೆ

ಮೊದಲು ನನ್ನ ಪಟ್ಟಿಯಲ್ಲಿ ಏನಿದೆ ಅಂತ ಹೇಳಿಬಿಡುತ್ತೇನೆ. ಎಲ್ಲಕ್ಕೂ ಮೇಲಿರುವುದು ಹ್ಯಾರಿ ಚಾಪಿನ್ ಹಾಡಿದ ‘ಡಬ್ಲ್ಯೂ ಓ ಎಲ್ ಡಿ’. ಎಪ್ಪತ್ತರ ದಶಕದ್ದು. ಅಮೆರಿಕದ ರೇಡಿಯೋ ಕೇಂದ್ರಗಳಿಗೆ ಹೀಗೆ ನಾಲ್ಕಕ್ಷರದ ಹೆಸರಿರುತ್ತದೆ. ವಯಸ್ಸಾಗುತ್ತಿರುವ ಡಿಜೆಯೊಬ್ಬ ಹಿಂದೆ ಬಿಟ್ಟುಬಂದ ಹೆಂಡತಿಗೆ ಫೋನ್ ಹಚ್ಚಿದ್ದಾನೆ. ಇಡೀ ಹಾಡು ಅವನ ಮಾತು. ಊರಿಂದೂರಿಗೆ, ಕೇಂದ್ರದಿಂದ ಕೇಂದ್ರಕ್ಕೆ ಅಲೆದಿದ್ದಾನೆ. ತಲೆ ಬೋಳಾಗುತ್ತಿದೆ. ವಯಸ್ಸು 45, ಆದರೆ ಮೈಕಿನ ಮುಂದೆ 15ರ ಹುಡುಗನ ಉಮೇದು ಬೇಕು, ಅದೇ ಅವನ ನೌಕರಿ. ದಿನಾ ಬೆಳಗ್ಗೆ ಸಾವಿರಾರು ಮನೆಗಳಿಗೆ ನುಗ್ಗುವ ದನಿಗೆ ತನ್ನ ಮನೆಯ ಬಾಗಿಲು ಮಾತ್ರ ತೆರೆಯುವುದಿಲ್ಲ. ಹಾಡು ಅವನನ್ನು ಹೊಗಳುವುದಿಲ್ಲ, ಆಡಿಕೊಳ್ಳುವುದೂ ಇಲ್ಲ. ಅದಕ್ಕೇ ನನಗಿಷ್ಟ.

ಇನ್ನೊಂದು ತುದಿಯಲ್ಲಿ ಇಂಗ್ಲೆಂಡಿನ ‘ದ ಸ್ಮಿತ್ಸ್’ ತಂಡದ ‘ಪ್ಯಾನಿಕ್’. 1986ರದ್ದು. ಅದರ ಕೊನೆಗೆ ಮಕ್ಕಳ ಗುಂಪೊಂದು ಸೇರಿಕೊಂಡು ಡಿಜೆಯನ್ನು ಗಲ್ಲಿಗೇರಿಸಿ, ಗಲ್ಲಿಗೇರಿಸಿ ಅಂತ ಹಾಡುತ್ತದೆ. ತಪ್ಪೇನು ಅಂದರೆ, ಅವನು ಹಾಕುವ ಹಾಡುಗಳಿಗೂ ಕೇಳುವವರ ಬದುಕಿಗೂ ಏನೂ ಸಂಬಂಧವಿಲ್ಲ. ಆ ವರ್ಷ ಚೆರ್ನೋಬಿಲ್ ಅಣುಸ್ಥಾವರದ ದುರಂತವಾಯಿತಲ್ಲ, ಆ ಸುದ್ದಿ ಓದಿ ಮುಗಿಸಿದ ಕೂಡಲೇ ಬಿಬಿಸಿಯಲ್ಲಿ ಕುಣಿಯುವ ಹಾಡು ಬಂತು, ಅದನ್ನು ಕೇಳಿ ಸಿಟ್ಟಿಗೆದ್ದು ಬರೆದದ್ದು ಎಂಬ ಕಥೆಯಿದೆ. ಇಂಗ್ಲೆಂಡಿನವನೇ ಆದ ಗಾಯಕ ಎಲ್ವಿಸ್ ಕಾಸ್ಟೆಲೊನ ಸಿಟ್ಟು ಇನ್ನೂ ಒಂದು ಕೈ ಮೇಲೆ. 1977ರ ಡಿಸೆಂಬರ್‌ನಲ್ಲಿ ಅಮೆರಿಕದ ‘ಸ್ಯಾಟರ್ಡೇ ನೈಟ್ ಲೈವ್’ ಶೋನಲ್ಲಿ, ನೇರ ಪ್ರಸಾರದಲ್ಲೇ, ಶುರು ಮಾಡಿದ್ದ ಹಾಡನ್ನು ತಟ್ಟನೆ ನಿಲ್ಲಿಸಿದ. ಕ್ಷಮಿಸಿ ಅಂತ ಹೇಳಿ ‘ರೇಡಿಯೋ ರೇಡಿಯೋ’ ಹಾಡಿಬಿಟ್ಟ. ರೇಡಿಯೋ ಯಾರ ಕೈಯಲ್ಲಿದೆಯೋ ಅವರನ್ನು ಬೈಯುವ ಹಾಡದು. ಆ ಶೋಗೆ ಅವನು ವಾಪಸ್ ಬಂದದ್ದು 1989ರಲ್ಲಿ! ಅಮೆರಿಕದ ಗಾಯಕ ಟಾಮ್ ಪೆಟ್ಟಿಯ ‘ದ ಲಾಸ್ಟ್ ಡಿಜೆ’ 2002ರದ್ದು. ತನಗೆ ಬೇಕಾದ ಹಾಡನ್ನೇ ಹಾಕುತ್ತೇನೆ ಅಂತ ಹಟ ಹಿಡಿದ ಕೊನೆಯ ಡಿಜೆಯ ಕಥೆ. 1996ರಲ್ಲಿ ಅಲ್ಲಿಯ ಕಾನೂನು ಬದಲಾಗಿ, ಒಂದೊಂದು ಕಂಪನಿ ನೂರಾರು ಕೇಂದ್ರಗಳನ್ನು ಕೊಂಡುಕೊಂಡಿತು. ಯಾವ ಊರಿನಲ್ಲಿ ರೇಡಿಯೋ ಹಚ್ಚಿದರೂ ಅದೇ ಹಾಡು ಅನ್ನುವಂತಾಯ್ತು. ಪೆಟ್ಟಿಯ ಹೊಟ್ಟೆಯುರಿ ಅದು. ಹಾಡು ಅಷ್ಟೇನೂ ದೊಡ್ಡದಲ್ಲ ಅನ್ನಿ. ಸಿಟ್ಟು ಜಾಸ್ತಿ, ರಾಗ ಕಡಿಮೆ.

ಹೊಗಳಿಕೆಯೂ ಉಂಟು. 1982ರಲ್ಲಿ ‘ಇಂಡೀಪ್’ ತಂಡ ‘ಲಾಸ್ಟ್ ನೈಟ್ ಎ ಡಿಜೆ ಸೇವ್ಡ್ ಮೈ ಲೈಫ್’ ಅಂತ ಹಾಡಿತು. ಬೇಸರದಲ್ಲಿ ಕೂತವಳನ್ನು ಡಿಜೆ ಹಾಕಿದ ಒಂದು ಹಾಡು ಎಬ್ಬಿಸಿತು, ಇಷ್ಟೇ ವಿಷಯ. ಕೇಳಿದರೆ ಕಾಲು ತಾನೇ ಅಲ್ಲಾಡುತ್ತದೆ. ಎಲ್ಲರಿಗೂ ಗೊತ್ತಿರುವ ಎರಡು ಹಾಡು, 1979ರ ‘ವಿಡಿಯೋ ಕಿಲ್ಡ್ ದ ರೇಡಿಯೋ ಸ್ಟಾರ್’ ಮತ್ತು 1984ರ ‘ರೇಡಿಯೋ ಗಾಗಾ’. ವಿಡಿಯೋ ಬಂದು ರೇಡಿಯೋ ಸ್ಟಾರನ್ನು ಕೊಂದಿತು ಅನ್ನುವ ಮೊದಲನೆಯದನ್ನೇ 1981ರ ಆಗಸ್ಟ್ 1ರಂದು, ಹಾಡಿನ ವಿಡಿಯೋ ತೋರಿಸುವ ಎಂಟಿವಿ ಚಾನೆಲ್ ತನ್ನ ಮೊಟ್ಟಮೊದಲ ವಿಡಿಯೋ ಆಗಿ ಹಾಕಿತು. ಕೊಂದವರೇ ತೇರು ಎಳೆದರು! ಎರಡನೆಯದಕ್ಕೆ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಜನಸಾಗರ ಎರಡೂ ಕೈ ಎತ್ತಿ ಒಟ್ಟಿಗೆ ಚಪ್ಪಾಳೆ ಹೊಡೆಯುವ ದೃಶ್ಯ ನೀವು ನೋಡಿರುತ್ತೀರಿ. ನನಗೆ ಆ ಹಾಡು ಯಾಕೋ ಒಗ್ಗಿಲ್ಲ. ರೇಡಿಯೋ ಕೇಳುವುದು ಒಬ್ಬರೇ ಕೂತು ಮಾಡುವ ಕೆಲಸ. ಅದನ್ನು ಹೊಗಳೋಕೆ ಕ್ರೀಡಾಂಗಣ ಯಾಕೆ ಬೇಕು?

ಇವನ್ನೆಲ್ಲ ಒಟ್ಟಿಗೆ ಕೇಳಿದಾಗ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಬಹುಪಾಲು ಹಾಡುಗಳ ನಡುವೆ ನಿಂತವನು ಡಿಜೆ ಅಥವಾ ಅವನ ಧಣಿ. ಅವನು ದೇವರು, ಇಲ್ಲವೇ ಕಳ್ಳ. ಯಾಕೆಂದರೆ ಅಲ್ಲಿ ಯಾವ ಹಾಡು ಬೆಳಗಬೇಕು, ಯಾವುದು ಸಾಯಬೇಕು ಅನ್ನುವುದು ಅವನ ಕೈಯಲ್ಲಿತ್ತು. ಐವತ್ತರ ದಶಕದ ಅಮೆರಿಕದಲ್ಲಿ ರೆಕಾರ್ಡ್ ಕಂಪನಿಗಳು ಡಿಜೆಗಳಿಗೆ ಕೈ ಬೆಚ್ಚಗೆ ಮಾಡಿ ತಮ್ಮ ಹಾಡು ಹಾಕಿಸುತ್ತಿದ್ದರು. ಅದಕ್ಕೆ ಪೇಯೋಲಾ ಅಂತ ಹೆಸರೇ ಬಿತ್ತು. ರಾಕ್ ಸಂಗೀತವನ್ನು ಮನೆಮನೆಗೆ ಮುಟ್ಟಿಸಿದ ಅಲನ್ ಫ್ರೀಡ್ ಎಂಬ ದೊಡ್ಡ ಡಿಜೆ 1959ರಲ್ಲಿ ಇದೇ ಗಲಾಟೆಯಲ್ಲಿ ಕೆಲಸ ಕಳೆದುಕೊಂಡ. ಇಷ್ಟು ಅಧಿಕಾರ ಇರುವವನ ಮೇಲೆ ಹಾಡು ಹುಟ್ಟದೆ ಇರುತ್ತದಾ?

ಒಂದೇ ಒಂದು ಹಾಡು ಮಾತ್ರ ಈ ಸಾಲಿಗೆ ಸೇರುವುದಿಲ್ಲ. 1973ರಲ್ಲಿ ‘ಕಾರ್ಪೆಂಟರ್ಸ್’ ಅಣ್ಣ-ತಂಗಿ ಹೊರತಂದ ‘ಯೆಸ್ಟರ್ಡೇ ಒನ್ಸ್ ಮೋರ್’. ಅದರಲ್ಲಿ ಡಿಜೆಯ ಸುಳಿವೇ ಇಲ್ಲ. ಒಬ್ಬ ಹುಡುಗಿ ರೇಡಿಯೋ ಮುಂದೆ ಕೂತು ತನ್ನಿಷ್ಟದ ಹಾಡು ಯಾವಾಗ ಬರುತ್ತದೋ ಅಂತ ಕಾಯುತ್ತಾಳೆ, ಬಂದಾಗ ಜೊತೆಗೆ ಹಾಡಿಕೊಳ್ಳುತ್ತಾಳೆ. ನನ್ನ ಪಟ್ಟಿಯಲ್ಲಿ ಬನಹಟ್ಟಿಯ ನಮ್ಮ ಚಿಗವ್ವನಿಗೆ ಅರ್ಥವಾಗುವ ಹಾಡು ಇದೊಂದೇ.

ಕರೆಂಟ್ ಹೋದರೆ ರೇಡಿಯೋ

ಬನಹಟ್ಟಿಯಲ್ಲಿ ಕಾಕಾನ ಮನೆಯ ಮುಂದಿನ ಕೋಣೆ ಪೂರ್ತಿ ಮಗ್ಗಗಳು. ಕೈಮಗ್ಗವಲ್ಲ, ಪಾವರ್‌ಲೂಮ್. ನೂಲು ಸಾಹುಕಾರರದು, ನೇಯ್ಗೆ ಇವರದು, ಕೂಲಿ ಸೀರೆ ಲೆಕ್ಕದಲ್ಲಿ. ಇಡೀ ಓಣಿ ಹೀಗೇ. ಬೆಳಗಿನಿಂದ ಲಾಳಿ ಆಚೆ ಈಚೆ ಬಡಿಯುವ ಸದ್ದು. ಹೊಸಬರು ಬಂದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ನಮ್ಮವರು ಆ ಸದ್ದಿನ ನಡುವೆಯೇ ಮಾತಾಡುತ್ತಾರೆ, ಅರ್ಧ ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಗೋಡೆಯ ಮೊಳೆಗೆ ಚರ್ಮದ ಚೀಲದಲ್ಲಿ ಒಂದು ಟ್ರಾನ್ಸಿಸ್ಟರ್ ತೂಗುತ್ತಿತ್ತು. ಬೆಳಗ್ಗೆ ಹಚ್ಚಿದರೆ ರಾತ್ರಿಯವರೆಗೆ ಹಾಡುತ್ತಲೇ ಇರುತ್ತಿತ್ತು. ಯಾರಿಗೂ ಕೇಳಿಸುತ್ತಿರಲಿಲ್ಲ! ‘ಮತ್ಯಾಕ ಹಚ್ಚೀರಿ?’ ಅಂತ ನಾನು ಕಾಕಾಗೆ ಕೇಳಿದ್ದುಂಟು. ‘ಇರಲಿ ಬಿಡಪಾ, ಹಾಡಕೋತ ಇರತೈತಿ’ ಅನ್ನುತ್ತಿದ್ದ.

ಸದ್ದು ಒಂದೇ ಅಡ್ಡಿಯಾಗಿರಲಿಲ್ಲ. ಮಗ್ಗದ ಮೋಟಾರು ತಿರುಗುವಾಗ ಮೀಡಿಯಂ ವೇವ್ ಮೇಲೆ ಗರ್ ಅಂತ ಒಂದು ಕೊರೆತ ಬರುತ್ತದೆ. ಧಾರವಾಡದ ದನಿ ಅದರ ಕೆಳಗೆ ಸಿಕ್ಕಿಬೀಳುತ್ತದೆ. ಕಾಕಾ ಅದಕ್ಕೆ ಉಪಾಯ ಕಂಡುಕೊಂಡಿದ್ದ. ಇಂಥ ರೇಡಿಯೋದ ಹೊಟ್ಟೆಯಲ್ಲಿ ಕಪ್ಪನೆಯ ಫೆರೈಟ್ ಕಡ್ಡಿ ಇರುತ್ತದೆ, ಅದಕ್ಕೆ ಕೂದಲಿನಷ್ಟು ತೆಳುವಾದ ತಾಮ್ರದ ತಂತಿ ಸುತ್ತಿರುತ್ತಾರೆ. ಅದೇ ಆಂಟೆನಾ. ಕಡ್ಡಿಯ ತುದಿ ಕೇಂದ್ರದ ಕಡೆ ಮುಖ ಮಾಡಿದರೆ ದನಿ ಸೊರಗುತ್ತದೆ, ಅಡ್ಡ ತಿರುಗಿದರೆ ಏರುತ್ತದೆ. ಕಾಕಾಗೆ ಕಡ್ಡಿಯ ವಿಷಯ ಗೊತ್ತಿರಲಿಲ್ಲ. ಆದರೆ ಚೀಲದ ಪಟ್ಟಿಗೆ ಒಂದು ನೂಲಿನ ಗಂಟು ಹಾಕಿ, ಗಂಟು ಬಾಗಿಲ ಕಡೆ ಬರುವಂತೆ ತೂಗುಹಾಕುತ್ತಿದ್ದ. ಗಂಟು ಜರುಗಿದರೆ ಧಾರವಾಡ ಹೋಯ್ತು. ನಾವು ಹುಡುಗರು ಆಡುವಾಗ ಅದಕ್ಕೆ ತಾಗಿದರೆ ಬೆನ್ನಿಗೆ ಒಂದು ಬೀಳುತ್ತಿತ್ತು.

ಕರೆಂಟ್ ಹೋದಾಗ ಮಜಾ. ಇಡೀ ಓಣಿಯ ಮಗ್ಗ ಒಂದೇ ಏಟಿಗೆ ನಿಲ್ಲುತ್ತವೆ. ಮೋಟಾರಿನ ಕೊರೆತವೂ ಅದರೊಂದಿಗೇ ಮಾಯ. ಸೆಲ್ಲಿನ ಮೇಲೆ ನಡೆಯುವ ರೇಡಿಯೋ ಮಾತ್ರ ಉಳಿಯುತ್ತದೆ. ಒಂದು ಮನೆಯದ್ದಲ್ಲ, ಓಣಿಯ ಅಷ್ಟೂ ಮನೆಯದ್ದು, ಎಲ್ಲಾ ಅದೇ ಧಾರವಾಡ. ಅಷ್ಟೊತ್ತೂ ಒಳಗೊಳಗೇ ಹಾಡುತ್ತಿದ್ದ ದನಿ ಎಲ್ಲಾ ಕಿಟಕಿಯಿಂದ ಒಟ್ಟಿಗೆ ಹೊರಗೆ ಬರುತ್ತಿತ್ತು. ಜನ ಕಟ್ಟೆಗೆ ಬಂದು ಬೆವರು ಒರೆಸಿಕೊಳ್ಳುತ್ತಾ ಕೂರುತ್ತಿದ್ದರು. ಕರೆಂಟ್ ಹೋದರೆ ಕೂಲಿ ಹೋಯ್ತು, ಅದು ಎಲ್ಲರಿಗೂ ಗೊತ್ತು. ಆದರೂ ಆ ಅರ್ಧ ತಾಸು ಯಾರೂ ಗೊಣಗುತ್ತಿರಲಿಲ್ಲ.

ಇನ್ನು ಕಾರ್ಡಿನ ಕಥೆ. ಆಗ ಪೋಸ್ಟ್ ಕಾರ್ಡಿಗೆ 15 ಪೈಸೆ. ಕೋರಿಕೆ ಕಾರ್ಯಕ್ರಮಕ್ಕೆ ಓಣಿಯವರ ಪರವಾಗಿ ಕಾರ್ಡು ಬರೆಯುವ ಕೆಲಸ ನನ್ನದು, ಅಕ್ಷರ ದುಂಡಗೆ ಅಂತ. ಹಾಡು ಯಾವುದು ಅನ್ನುವುದು ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ‘ಆಡಿಸಿ ನೋಡು ಬೀಳಿಸಿ ನೋಡು’, ಮತ್ತೆ ಮಾತಿಲ್ಲ. ಜಗಳವೆಲ್ಲಾ ಹೆಸರಿನದು. ಯಾರ ಹೆಸರು ಮೊದಲು? ಮಗ್ಗದ ಮಾಲಕನದ್ದೋ, ವಯಸ್ಸಿನಲ್ಲಿ ಹಿರಿಯರದ್ದೋ? ಗಂಡನ ಮನೆಗೆ ಹೋದ ಮಗಳ ಹೆಸರು ಹಾಕಬೇಕೋ ಬೇಡವೋ? ಹಾಕಿದರೆ ಊರು ಯಾವುದು ಬರೆಯಬೇಕು, ಬನಹಟ್ಟಿಯೋ ತೇರದಾಳವೋ? ಕಾರ್ಡಿನ ಅಂಚಿಗೆ ಬಂದಾಗ ಅಕ್ಷರ ಇರುವೆಯಷ್ಟು ಸಣ್ಣದಾಗುತ್ತಿತ್ತು. ಒಂದು ಸಲ ಹುಡುಗರು ಸೇರಿ ಎದುರು ಮನೆಯ ಎತ್ತಿನ ಹೆಸರನ್ನೂ ತುರುಕಿಸಿದರು. ಒಳ್ಳೆ ರಾಜನಂಥ ಹೆಸರು ಅದಕ್ಕೆ. ಧಾರವಾಡದವರು ಓದಿದರೆ ಆ ಎತ್ತು ಆಕಾಶವಾಣಿಯ ಕೇಳುಗ ಆದಂತೆ ಅಂತ ನಕ್ಕೇ ನಕ್ಕರು.

ಓದಿದರು. ಮಧ್ಯಾಹ್ನದ ಹೊತ್ತು. ಕರೆಂಟ್ ಇರಲಿಲ್ಲ, ಎಲ್ಲರೂ ಕಟ್ಟೆಯ ಮೇಲಿದ್ದರು. ಹೆಣ್ಣುದನಿ ಶಾಂತವಾಗಿ ಹೇಳಿತು: ಚಿತ್ರ ಕಸ್ತೂರಿ ನಿವಾಸ, ಸಾಹಿತ್ಯ ಚಿ. ಉದಯಶಂಕರ್, ಸಂಗೀತ ಜಿ.ಕೆ. ವೆಂಕಟೇಶ್, ಹಾಡಿದವರು ಪಿ.ಬಿ. ಶ್ರೀನಿವಾಸ್. ಈ ಹಾಡನ್ನು ಕೇಳಬಯಸಿದವರು, ಬನಹಟ್ಟಿಯಿಂದ... ಅಷ್ಟರಲ್ಲಿ ನಡುಮನೆಯ ಬಲ್ಬು ಹೊತ್ತಿತು. ಎದುರು ಮನೆಯ ಮಗ್ಗ ಶುರುವಾಯ್ತು, ಆಮೇಲೆ ಪಕ್ಕದ್ದು. ಕಾಕಾ ಎದ್ದು ಒಳಗೆ ಹೋಗಿ ಸ್ವಿಚ್ಚಿನ ಮೇಲೆ ಕೈ ಇಟ್ಟು ನಿಂತ. ಒಂದು ಹೆಸರು ಕೇಳಿತು, ಎರಡು ಕೇಳಿತು. ಅವನ ಹೆಸರು ಇನ್ನೂ ಬಂದಿರಲಿಲ್ಲ. ಅಷ್ಟೊತ್ತಿಗೆ ಓಣಿಯ ಸದ್ದು ಏರಿಬಿಟ್ಟಿತ್ತು. ಸ್ವಿಚ್ ಹಾಕಿದ. ಸೀರೆ ಲೆಕ್ಕದ ಕೂಲಿ, ಕಾಯಲು ಆಗುವುದಿಲ್ಲ.

ಹಿತ್ತಿಲಲ್ಲಿ ರಾಟಿ ಮುಂದೆ ಕೂತು ಕಂಡಿಕಿ (ಲಾಳಿಗೆ ಹಾಕುವ ನೂಲಿನ ಸುರುಳಿ) ಸುತ್ತುತ್ತಿದ್ದ ಚಿಗವ್ವ ಮಾತ್ರ ಪಕ್ಕದವರ ರೇಡಿಯೋಕ್ಕೆ ಕಿವಿ ಹಚ್ಚಿ ಎಲ್ಲಾ ಕೇಳಿಸಿಕೊಂಡಿದ್ದಳು. ‘ಎಲ್ಲಾರ್ದೂ ಓದಿದ್ರು, ಎತ್ತಿಂದೂ ಓದಿದ್ರು’ ಅಂದಳು. ‘ನಂದು?’ ಅಂತ ಕಾಕಾ ಕೇಳಿದ. ‘ನಿಮ್ದೂ ಓದಿದ್ರು.’ ಅವನು ನಂಬಲಿಲ್ಲ. ತನಗೆ ಸಮಾಧಾನ ಆಗಲಿ ಅಂತ ಸುಳ್ಳು ಹೇಳುತ್ತಾಳೆ ಅಂತಲೇ ಅವನ ವಾದ. ವರ್ಷಗಟ್ಟಲೆ ಈ ತಕರಾರು ನಡೆಯಿತು. ಮನೆಗೆ ಬಂದ ಬೀಗರ ಮುಂದೆಯೂ ಈ ಪಂಚಾಯತಿ. ಚಿಗವ್ವ ಆಣೆ ಹಾಕಿದರೂ ಕಾಕಾ ಒಪ್ಪಿಕೊಳ್ಳಲೇ ಇಲ್ಲ.

ಕೇಳಿದವರು ಯಾರು?

ನನ್ನ ಅಕ್ಕನ ಮಗನ ಪ್ರಶ್ನೆಗೆ ಉತ್ತರ ಇಲ್ಲೇ ಎಲ್ಲೋ ಇದೆ ಅನಿಸುತ್ತದೆ. ಧಾರವಾಡದ ಆ ಹೆಣ್ಣುದನಿ ಯಾರದು ಅಂತ ನಮ್ಮ ಓಣಿಯಲ್ಲಿ ಯಾರೂ ಕೇಳಲಿಲ್ಲ. ಅವರು ಹಾಡಿನ ಬಗ್ಗೆ ತಮ್ಮ ಅಭಿಪ್ರಾಯ ಹೇಳುತ್ತಿರಲಿಲ್ಲ, ಜೋಕು ಹೊಡೆಯುತ್ತಿರಲಿಲ್ಲ. ತಮ್ಮ ಹೆಸರನ್ನು ಹಿಂದಿಟ್ಟು, ಬರೆದವರ, ರಾಗ ಹಾಕಿದವರ, ಹಾಡಿದವರ ಹೆಸರು ಹೇಳುತ್ತಿದ್ದರು. ಕೊನೆಗೆ ನಮ್ಮ ಹೆಸರು. ನಾಲ್ಕನೇ ಇಯತ್ತೆ ದಾಟದ ನೇಕಾರರ ಬಾಯಲ್ಲಿ ಚಿ. ಉದಯಶಂಕರ್, ವಿಜಯನಾರಸಿಂಹ, ಆರ್.ಎನ್. ಜಯಗೋಪಾಲ್ ಅಂತ ಕವಿಗಳ ಹೆಸರು ಸರಾಗವಾಗಿ ಬರುತ್ತಿದ್ದದ್ದು ಹೇಗೆ ಅಂದುಕೊಂಡಿರಿ? ಯಾವ ಪುಸ್ತಕದಿಂದಲೂ ಅಲ್ಲ.

ಅಮೆರಿಕದ ರೇಡಿಯೋದಲ್ಲಿ ಹಾಡು ಹಾಕುವವನು ಸ್ಟಾರ್. ನಮ್ಮಲ್ಲಿ ಹಾಡು ಕೇಳಿದವನೇ ಸ್ಟಾರ್. ಅಲ್ಲಿ ಜನ ಡಿಜೆಯ ಮೇಲೆ ಹಾಡು ಬರೆದು ಅವನನ್ನು ನೆನಪಿಟ್ಟರು. ಇಲ್ಲಿ ರೇಡಿಯೋನೇ ದಿನಾ ಜನರ ಹೆಸರು ಹೇಳುತ್ತಿತ್ತು. ಇನ್ನು ಬೇರೆ ಹಾಡು ಯಾಕೆ ಅಂತ ಇರಬಹುದು, ಅಲ್ವಾ?

ಹೌದು, ನಮಗೂ ಒಬ್ಬ ಸ್ಟಾರ್ ಇದ್ದರು, ಅಮೀನ್ ಸಯಾನಿ. ಆದರೆ ಅವರು ಹುಟ್ಟಿಕೊಂಡದ್ದೇ ಆಕಾಶವಾಣಿಯ ಹೊರಗೆ. 1952ರಲ್ಲಿ ವಾರ್ತಾ ಮಂತ್ರಿಯಾಗಿ ಬಂದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಕಂಡರೆ ಆಗುತ್ತಿರಲಿಲ್ಲ. ಹಾಡಿನ ಜೊತೆ ಸಿನಿಮಾದ ಹೆಸರು ಹೇಳಿದರೆ ಪುಕ್ಕಟೆ ಜಾಹೀರಾತು ಆಗುತ್ತದೆ ಅಂತ ಹೆಸರು ಹೇಳುವುದನ್ನೇ ನಿಲ್ಲಿಸಿದರು. ನಿರ್ಮಾಪಕರು ಮುನಿಸಿಕೊಂಡು ಹಾಡು ಕೊಡುವುದನ್ನೇ ಬಿಟ್ಟರು. ಆ ಖಾಲಿ ಜಾಗಕ್ಕೆ ಸಿಲೋನ್ (ಈಗಿನ ಶ್ರೀಲಂಕಾ) ರೇಡಿಯೋ ನುಗ್ಗಿತು. ಅದೇ ವರ್ಷದ ಕೊನೆಗೆ ಅದರಲ್ಲಿ, ಸಯಾನಿ ಹಿಂದಿ ಹಾಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳುವ ಬಿನಾಕಾ ಗೀತಮಾಲಾ ಶುರು. ಬುಧವಾರ ರಾತ್ರಿ 8 ಗಂಟೆ ಅಂದರೆ ಬೀದಿ ಖಾಲಿ. ‘ಬೆಹನೋ ಔರ್ ಭಾಯಿಯೋ’ ಅನ್ನುವ ಆ ದನಿಯನ್ನು ನಮ್ಮ ಕಡೆ ಹಿಂದಿ ಬಾರದವರೂ ಅನುಕರಿಸುತ್ತಿದ್ದರು. ಆಕಾಶವಾಣಿ ಎಚ್ಚೆತ್ತು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ತೆರೆಯಬೇಕಾಯ್ತು. 2024ರ ಫೆಬ್ರುವರಿಯಲ್ಲಿ ಸಯಾನಿ ತೀರಿಕೊಂಡಾಗ ಬೆಳಗಾವಿಯಲ್ಲಿ ನನ್ನ ಪರಿಚಯದ ಹಿರಿಯರೊಬ್ಬರು ಮನೆಯವರೇ ಹೋದಂತೆ ಅತ್ತರು. ಆದರೂ ಗಮನಿಸಿ, ಗೀತಮಾಲಾದಲ್ಲಿ ಯಾವ ಹಾಡು ಎಷ್ಟನೇ ಮೆಟ್ಟಿಲಿಗೆ ಅನ್ನುವುದಕ್ಕೆ ರೆಕಾರ್ಡ್ ಮಾರಾಟದ ಜೊತೆ ಊರೂರಿನ ಶ್ರೋತೃ ಸಂಘಗಳ ಪತ್ರವೂ ಲೆಕ್ಕಕ್ಕೆ ಬರುತ್ತಿತ್ತು. ಅಲ್ಲೂ ಕಾರ್ಡು ಬರೆಯುವವನ ಕೈ ಇತ್ತು.

ಮತ್ತೆ ಝುಮ್ರಿ ತಿಲೈಯಾ ಇದೆಯಲ್ಲ. ಈಗಿನ ಜಾರ್ಖಂಡದ, ಅಭ್ರಕದ ಗಣಿಗಳ ಸಣ್ಣ ಊರು. ಅಲ್ಲಿಯ ಜನ ಎಷ್ಟು ಫರ್ಮಾಯಿಶ್ (ಕೋರಿಕೆ) ಕಾರ್ಡು ಹಾಕಿದರೆಂದರೆ, ಅಂಥ ಊರು ನಿಜಕ್ಕೂ ಇದೆಯೋ ಅಥವಾ ರೇಡಿಯೋದವರು ಕಟ್ಟಿದ ಹೆಸರೋ ಅಂತ ಕೇಳುಗರಿಗೆ ಅನುಮಾನ ಬರುತ್ತಿತ್ತು. ದೇಶದ ತುಂಬಾ ಹೆಸರಾದದ್ದು ಆ ಊರು ಕೇಳಿದ ಯಾವುದೋ ಹಾಡಿನಿಂದಲ್ಲ, ಹಾಡು ಕೇಳಿದ್ದರಿಂದಲೇ. ನಮ್ಮ ಗಡಿಯ ಕಡೆ ಇನ್ನೊಂದು ಮಜಾ ಇತ್ತು. ಅಥಣಿ, ಚಿಕ್ಕೋಡಿ ಕಡೆಯ ಮನೆಗಳಲ್ಲಿ ಸಾಂಗಲಿ ಆಕಾಶವಾಣಿಯೂ ಚೆನ್ನಾಗಿ ಸಿಗುತ್ತಿತ್ತು. ಮುಳ್ಳನ್ನು ಜರುಗಿಸಿದರೆ ಕನ್ನಡ ಹೋಗಿ ಮರಾಠಿ. ಹುಷಾರಿ ಹುಡುಗರು ಎರಡೂ ಕಡೆ ಕಾರ್ಡು ಹಾಕುತ್ತಿದ್ದರು. ಎಲ್ಲಿ ಓದಿದರೂ ಹೆಸರು ನಮ್ಮದೇ ತಾನೆ!

ಈಗಿನ ಡಿಜೆ

ಈಗ ಬೆಳಗಾವಿಯಲ್ಲಿ ಡಿಜೆ ಅಂದರೆ ಮನುಷ್ಯನಲ್ಲ, ಲಾರಿ. ಮೇಲೆ ಆಳೆತ್ತರದ ಬಾಕ್ಸುಗಳು, ಹಿಂದೆ ಜನರೇಟರ್. ಗಣಪತಿ ವಿಸರ್ಜನೆ ಮೆರವಣಿಗೆ ಕಪಿಲೇಶ್ವರ ಹೊಂಡದ ಕಡೆ ಸಾಗುವಾಗ ದಾರಿಯ ಮನೆಗಳ ಕಿಟಕಿಯ ಗಾಜು ನಡುಗುತ್ತದೆ, ಎದೆಯೊಳಗೆ ಯಾರೋ ಗುದ್ದಿದ ಹಾಗಾಗುತ್ತದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬೇಡ ಅಂತ 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬಲ್. ಅದು ಮನೆಯಲ್ಲಿ ಕೂತು ಮಾತಾಡುವಷ್ಟು ಸದ್ದು. ಇದರ ಬಗ್ಗೆ ನನ್ನದು ಮುದುಕರ ಪಕ್ಷ. ಮಲಗಲು ಬಿಡಿ ಅನ್ನುವ ಪಕ್ಷ.

ಹಾಡುಗಳ ಬಗ್ಗೆ ಮಾತ್ರ ಅಷ್ಟು ಸಲೀಸಾಗಿ ತೀರ್ಪು ಕೊಡಲಾರೆ. ಕಬ್ಬಿನ ಸೀಸನ್ನಿನಲ್ಲಿ ರಾಯಬಾಗ, ಮುಧೋಳ, ಜಮಖಂಡಿ ದಾರಿಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು ಹೋಗುತ್ತವೆ. ಹಿಂದೆ ಸಿಕ್ಕಿಕೊಂಡರೆ ಫ್ಯಾಕ್ಟರಿ ಗೇಟಿನವರೆಗೂ ಕೇಳಲೇಬೇಕು. ಬಹುಪಾಲು ನಮ್ಮದೇ ಜಿಲ್ಲೆಯ ಹುಡುಗರು ಕಟ್ಟಿದ ಹಾಡು, ನಮ್ಮದೇ ಮಾತಿನಲ್ಲಿ. ಮಾಳು ನಿಪನಾಳ ಅವರ ‘ನಾ ಡ್ರೈವರಾ’ ಯೂಟ್ಯೂಬ್‌ನಿಂದ ಇಡೀ ರಾಜ್ಯಕ್ಕೆ ಹಬ್ಬಿತು. ಹಾಡಿನ ನಾಯಕ ಡಾಕ್ಟರಲ್ಲ, ಇಂಜಿನಿಯರಲ್ಲ, ಡ್ರೈವರ್. ಸ್ಮಿತ್ಸ್‌ನವರ ದೂರು ಇಲ್ಲಿ ನಿಲ್ಲುವುದಿಲ್ಲ ನೋಡಿ. ಟ್ರ್ಯಾಕ್ಟರ್ ಓಡಿಸುವವನ ಬದುಕಿನ ಬಗ್ಗೆ ಏನೂ ಹೇಳದ ಹಾಡನ್ನು ಅವನು ಹಚ್ಚುವುದೇ ಇಲ್ಲ. ಅವನೇ ಡಿಜೆ, ಅವನೇ ಕೇಳುಗ. ಹಿಂದೆ ಬರುವ ನಾವು ಲೆಕ್ಕಕ್ಕಿಲ್ಲ.

ಈ ಡಿಜೆ ಹಾಡುಗಳ ನಡುವೆ ಒಂದು ದನಿ ಬಂದು ಹೋಗುತ್ತದೆ, ಕೇಳಿರಬಹುದು. ಪಲ್ಲವಿ ಮುಗಿದು ಚರಣ ಶುರುವಾಗುವ ಹೊತ್ತಿಗೆ, ಗುಡುಗಿನಂಥ ದನಿಯಲ್ಲಿ, ಮಿಕ್ಸ್ ಮಾಡಿದವನ ಹೆಸರು ಮತ್ತು ಊರು. ಹಾಡಿನ ಮೈಮೇಲೇ ಹಚ್ಚೆ ಹಾಕಿದಂತೆ. ನನಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಹಾಡನ್ನು ಬರೆದವರ ಹೆಸರಿಲ್ಲ, ಬಡಿತ ಸೇರಿಸಿದವನ ಹೆಸರು ಮಾತ್ರ ಮೂರು ಮೂರು ಸಲ! ಈಗಲೂ ಪೂರ್ತಿ ಸಮಾಧಾನವಿಲ್ಲ. ಆದರೆ ಊರಿನ ಹೆಸರು ಕೂಗುತ್ತಾನಲ್ಲ, ಅದು ಕಿವಿಗೆ ಬಿದ್ದಾಗ ಮುಖ ತಾನೇ ಅರಳುತ್ತದೆ.

ಮೊನ್ನೆ ಮಹಾಲಿಂಗಪುರದ ಹತ್ತಿರ ಒಂದು ಮದುವೆ. ರಾತ್ರಿ ಮೆರವಣಿಗೆ. ಡಿಜೆ ನಡೆಸುವ ಹುಡುಗ ಲಾರಿಯ ಬದಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ. ಗದ್ದಲದಲ್ಲಿ ಮಾತು ಕೇಳುವುದಿಲ್ಲ, ಹಾಗಾಗಿ ಹುಡುಗರು ಫೋನಿನಲ್ಲಿ ಹಾಡು ತೆರೆದು ಅವನ ಮುಖಕ್ಕೆ ಹಿಡಿಯುತ್ತಿದ್ದರು. ಅವನು ತಲೆ ಅಲ್ಲಾಡಿಸುತ್ತಿದ್ದ. ಕೆಲವರು ಲಗ್ನಪತ್ರಿಕೆ ಹರಿದು ಅದರ ಹಿಂದೆ ಬಾಲ್‌ಪೆನ್ನಿನಿಂದ ಏನೋ ಬರೆದು, ನೋಟಿನೊಳಗೆ ಮಡಚಿ ಕೊಡುತ್ತಿದ್ದರು. ಚೀಟಿಗಳು ಗಾಳಿಗೆ ಹಾರದಂತೆ ಅವುಗಳ ಮೇಲೆ ಒಂದು ನೀರಿನ ಬಾಟಲಿ. ನಾನು ಬಗ್ಗಿ ನೋಡಿದೆ. ಹಾಡಿನ ಹೆಸರು ಒಂದು ಸಾಲು, ಆಮೇಲೆ ಹೆಸರುಗಳೇ ಹೆಸರುಗಳು, ಅಂಚಿನವರೆಗೆ, ಕೊನೆಗೆ ಬಂದಂತೆ ಸಣ್ಣ ಸಣ್ಣ ಅಕ್ಷರ. ಹಾಡಿನ ನಡುವೆ ಬಡಿತ ತಗ್ಗಿಸಿ ಅವನು ಮೈಕಿನಲ್ಲಿ ಓದಿದ. ಒಬ್ಬನ ಹೆಸರು ಬಿಟ್ಟುಹೋಯ್ತು ಅಂತ ಅವನ ಗೆಳೆಯರು ಲಾರಿ ಹತ್ತಲು ಹೋದರು, ಹಿರಿಯರು ಇಳಿಸಿದರು.

2015ರಲ್ಲಿ ಬಾದ್‌ಶಾ ಹಾಡಿದ ‘ಡಿಜೆ ವಾಲೇ ಬಾಬು’ ನೆನಪಾಯ್ತು. ಅಕ್ಕನ ಮಗ ಹೇಳಿದ ಮೇಲೆ ಅದೂ ನನ್ನ ಪಟ್ಟಿ ಸೇರಿದೆ. ಡಿಜೆ ಹಾಡುಗಳಲ್ಲಿ ಅದೊಂದು ಬೇರೆ ಜಾತಿ. ಅದರಲ್ಲಿ ಡಿಜೆಯನ್ನು ನೇಣಿಗೆ ಹಾಕಿ ಅನ್ನುವುದಿಲ್ಲ, ನೀನೇ ಜೀವ ಉಳಿಸಿದೆ ಅಂತಲೂ ಅನ್ನುವುದಿಲ್ಲ. ಬಾಬು, ನನ್ನ ಹಾಡು ಹಚ್ಚಪ್ಪ ಅಂತ ಕೇಳಿಕೊಳ್ಳುತ್ತದೆ, ಅಷ್ಟೇ. ಶುದ್ಧ ಫರ್ಮಾಯಿಶ್. ಝುಮ್ರಿ ತಿಲೈಯಾದವರು ಕಾರ್ಡಿನಲ್ಲಿ ಬರೆದದ್ದೂ ಇದನ್ನೇ.

ಇನ್ನು ಕನ್ನಡದ ರೇಡಿಯೋ ಹಾಡು. ಬೆಳಗಾವಿ ಕಡೆ ಈಗ ಹಾಡು ಕಟ್ಟುವ ಹುಡುಗರಿಗೆ ಕೊರತೆಯಿಲ್ಲ. ಯಾರಾದರೂ ಮನಸ್ಸು ಮಾಡಿದರೆ ಒಂದು ವಾರದಲ್ಲಿ ಆಗುವ ಕೆಲಸ. ಡಿಜೆಯ ಬಗ್ಗೆ ಬೇಡ, ಅದು ಇಂಗ್ಲಿಷಿನವರಿಗೆ ಇರಲಿ. ತನ್ನ ಹೆಸರು ಓದಿದರೋ ಇಲ್ಲವೋ ಅಂತ ಹೆಂಡತಿಯ ಜೊತೆ ಜನ್ಮವೆಲ್ಲಾ ಜಗಳಾಡಿದವನ ಬಗ್ಗೆ ಬರೆಯಲಿ. ಒಂದು ಚರಣ ಗಂಡನದ್ದು, ಒಂದು ಹೆಂಡತಿಯದ್ದು. ಪಲ್ಲವಿಯಲ್ಲಿ ಊರುಗಳ ಹೆಸರು ಬರಲಿ, ರಬಕವಿ, ಬನಹಟ್ಟಿ, ತೇರದಾಳ, ಕುಡಚಿ, ಅಥಣಿ. ತಾಳ ಬೇಕಾದರೆ ಮಗ್ಗದ್ದೇ ಇದೆ. ಡಿಜೆ ಬಡಿತ ಹಾಕಿಕೊಂಡರೂ ನನ್ನ ತಕರಾರಿಲ್ಲ, ರಾತ್ರಿ 10ರೊಳಗೆ ಹಚ್ಚಿದರೆ ಸಾಕು. ಒಂದೇ ಕೋರಿಕೆ. ಫೋನಿನ ಆ್ಯಪ್‌ನಲ್ಲಿ ಸಾಹಿತ್ಯ ಯಾರದು ಅಂತ ತಿಳಿಯೋಕೆ ಎಲ್ಲೆಲ್ಲೋ ಒತ್ತಬೇಕು. ಹಾಗೆ ಮಾಡಬೇಡಿ. ಹಾಡು ಶುರುವಾಗುವ ಮೊದಲೇ ಬರೆದವರು, ರಾಗ ಹಾಕಿದವರು, ಹಾಡಿದವರು ಅಂತ ಸಾವಕಾಶ ಹೇಳಿ, ಆಮೇಲೆ ಬಡಿತ ಶುರು ಮಾಡಿ.